ಸಾರಿಸಿದ ನೆಲದ ಆರು ಪದರ

ಶಿವಲಿಂಗಯ್ಯ ತನ್ನ ಟೋಪಿ ತೆಗೆದು ಸ್ಟಿಯರಿಂಗ್ ಚಕ್ರಕ್ಕೆ ಸಿಕ್ಕಿಸಿ, ಬಸ್ಸಿನ ನೆಲದ ಮೇಲೆ ಮಂಡಿಯೂರಿದ. ಜೇಬಿನಿಂದ ಗಡ್ಡ ಕೆರೆಯುವ ಬ್ಲೇಡು ತೆಗೆದ.

"ಏನ್ ದಫೇದಾರ್ರೇ, ನೆಲಕ್ಕೂ ಗಡ್ಡ ಬಂದದಾ?" ಎಂದ ಕಾನ್‌ಸ್ಟೇಬಲ್ ಹುಚ್ಚಣ್ಣ, ಹೊರಗೆ ನಿಂತು ಕಿಟಕಿಯಿಂದ ಇಣುಕುತ್ತ. ಅವನ ಕೈಯಲ್ಲಿ ಮೊಳದುದ್ದದ ಕಬ್ಬಿನ ಜಲ್ಲೆ.

"ಕಬ್ಬು ಆ ಮರದ ಕೆಳಗೆ ಹೋಗಿ ತಿನ್ನು. ಒಂದು ಸಿಪ್ಪೆ ಇದರೊಳಗೆ ಬಿದ್ರೂ ನಿನ್ನ ಹೆಸರು ರಿಪೋರ್ಟಿಗೆ ಬೀಳ್ತದೆ."

ಹುಚ್ಚಣ್ಣ ನಗುತ್ತ ಹೋದ. ಶಿವಲಿಂಗಯ್ಯ ನಗಲಿಲ್ಲ. ಅವನಿಗೆ ಉಳಿದಿದ್ದದ್ದು ಇವತ್ತಿನ ಅರ್ಧ ದಿನ ಮಾತ್ರ.

ಕ್ಯಾತನಹಳ್ಳಿಯ ಚೌಡಯ್ಯನವರ ಈ ಮನೆ ಬಸ್ಸಿನಲ್ಲಿ ಪಂಢರಪುರಕ್ಕೆ ಹೊರಟವರು ಐದು ಜನ. ಹದಿನೇಳನೆಯ ದಿನ ತಿರುಗಿ ಬಂದವರು ನಾಲ್ಕು ಜನ. ಬಾರದೆ ಉಳಿದವರು ಚೌಡಯ್ಯನವರೇ. ಅವರನ್ನು ಕೊಂದನೆಂಬ ದೂರಿನ ಮೇಲೆ, ಬಸ್ಸು ಓಡಿಸಿದ ಕುಳ್ಳಯ್ಯ ನಾಲ್ಕು ದಿನದಿಂದ ಪಾಂಡವಪುರದ ಲಾಕಪ್ಪಿನಲ್ಲಿದ್ದ. ನಾಳೆ ಗುರುವಾರ ಹನ್ನೊಂದು ಗಂಟೆಗೆ ಅವನನ್ನು ಶ್ರೀರಂಗಪಟ್ಟಣದ ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿ ಅಪ್ಪಣೆಯಾದರೆ ರಾಯಚೂರು ಕಡೆಯ ಪೋಲೀಸರು ಬಂದು ಕೈಗೆ ಕೋಳ ಹಾಕಿ ಕರೆದುಕೊಂಡು ಹೋಗುತ್ತಾರೆ. ಅವನ ಪರವಾಗಿ ಒಂದು ಮಾತಾಡುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

ಕೋರ್ಟಿಗೆ ಹೋಗುವ ರಿಪೋರ್ಟನ್ನು ಬರೆಯಬೇಕಾದವನು ಶಿವಲಿಂಗಯ್ಯ. ಕುಳ್ಳಯ್ಯನ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡವನೂ ಅವನೇ. ಬರೆದ ಮೇಲೆ ಮೂರು ಸಲ ಓದಿದ್ದ. ಮೂರನೆಯ ಸಲ ಓದುವಾಗ ಎಲ್ಲೋ ಏನೋ ಬಿಟ್ಟುಹೋಗಿದೆ ಅನ್ನಿಸಿತ್ತು, ಏನೆಂದು ಗೊತ್ತಾಗಿರಲಿಲ್ಲ.

ಗೊತ್ತಾದದ್ದು ನಿನ್ನೆ ಮಂಗಳವಾರ ಬೆಳಿಗ್ಗೆ, ಅದೂ ಹೆಂಡತಿಯ ಬೈಗುಳದಿಂದ. ಡ್ಯೂಟಿಗೆ ಹೊರಡುವ ಅವಸರದಲ್ಲಿ ಅವನು ಆಗತಾನೆ ಸಾರಿಸಿದ್ದ ನಡುಮನೆಯನ್ನು ತುಳಿದುಬಿಟ್ಟಿದ್ದ.

"ಆರೋಗಂಟ ತುಳೀಬ್ಯಾಡಿ ಅಂತ ಎಷ್ಟು ಕಿತ ಏಳ್ಬೇಕು ನಿಮ್ಗೆ?" ಎಂದು ಗೌರಮ್ಮ ರೇಗಿದ್ದಳು. "ನೋಡಿ, ಬೂಡ್ಸಿನ ಅಚ್ಚು ಬಿತ್ತು. ಇನ್ ಸುಕ್ರವಾರದ ಗಂಟ ನಿಮ್ ಮೊಕ ನೋಡೋ ಬದ್ಲು ಇದನ್ನೇ ನೋಡ್ಕೊಂಡಿರ್ತೀನಿ."

ಅವನು ಬಾಗಿಲಲ್ಲೇ ನಿಂತು ಆ ಅಚ್ಚನ್ನು ನೋಡಿದ್ದ. ಆಮೇಲೆ ಮನೆ ಬಸ್ಸಿನ ನೆಲ ನೆನಪಾಗಿತ್ತು.

*

ಬಸ್ಸು ಚೌಡಯ್ಯನವರ ಆಲೆಮನೆಯ ಪಕ್ಕದ ಚಪ್ಪರದ ಕೆಳಗೆ ನಿಂತಿತ್ತು. ಯಾರೋ ಓಡಿಸಿ ಬಿಸಾಕಿದ್ದ ಹಳೆಯ ಬಸ್ಸು. ಸೀಟುಗಳನ್ನೆಲ್ಲ ಕಿತ್ತುಹಾಕಿ, ಎರಡು ಕಡೆಗೂ ಹಲಗೆಯ ಮಂಚ, ಹಿಂದೆ ಸೀಮೆಎಣ್ಣೆ ಸ್ಟೌ ಇಡಲು ಕಟ್ಟೆ, ನೀರಿಗೆ ಒಂದು ಪೀಪಾಯಿ, ಲಾಂದ್ರಕ್ಕೆ ಕೊಕ್ಕೆ. ಹೆಂಡತಿ ಬೆಟ್ಟಮ್ಮ ಛತ್ರದಲ್ಲಿ ಮಲಗುವವಳಲ್ಲ, ಬೇರೆಯವರ ಒಲೆಯ ಮೇಲೆ ಬೆಂದದ್ದನ್ನು ತಿನ್ನುವವಳಲ್ಲ. ಅದಕ್ಕೆಂದೇ ಚೌಡಯ್ಯ ಮಾಡಿಸಿದ್ದು. ಅವರು ಮನೆಗೇ ಗಾಲಿ ಹಾಕಿಸಿಬಿಟ್ಟರು ಎಂದು ಊರೆಲ್ಲ ಹೇಳಿಕೊಂಡು ನಕ್ಕಿತ್ತು.

ನೆಲ ಹಲಗೆಯದು. ಸಂದುಗಳಿಂದ ದೂಳು ಮೇಲೆ ಏಳುತ್ತದೆಂದು ಬೆಟ್ಟಮ್ಮ ಅದರ ಮೇಲೆ ಕೆಮ್ಮಣ್ಣು ಹಾಕಿ ಮೆತ್ತಿಸಿ ಸಾರಿಸಿದ್ದಳು. ಬಸ್ಸಿನ ನೆಲಕ್ಕೆ ಸಗಣಿ ಹಾಕಿ ಸಾರಿಸುವುದನ್ನು ಶಿವಲಿಂಗಯ್ಯ ತನ್ನ ನಲವತ್ತೊಂದು ವರ್ಷದಲ್ಲಿ ಎಲ್ಲೂ ಕಂಡಿರಲಿಲ್ಲ.

ಒಳಗಿನದು ಯಾವುದೂ ಕೆಡಬಾರದೆಂದು ಅವನು ಡ್ರೈವರ್ ಬಾಗಿಲಿನಿಂದಲೇ ಹತ್ತಿದ್ದ. ಮಂಚದ ಕಾಲಿನ ಬುಡದಲ್ಲಿ ಬ್ಲೇಡು ತೂರಿಸಿ ಮೆಲ್ಲಗೆ ಮೀಟಿದ. ಹೆಬ್ಬೆರಳ ಅಗಲದ ಒಂದು ಚಕ್ಕೆ ಎದ್ದು ಬಂತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

ಚಿರೋಟಿಯ ಪದರದಂತೆ ಒಂದರ ಮೇಲೊಂದು ಗೆರೆ. ಅಡಿಯಲ್ಲಿ ದಪ್ಪಗೆ ಕೆಮ್ಮಣ್ಣು: ಅದು ಊರಿನದು, ಹೊರಡುವ ಮುಂಚೆ ಮೆತ್ತಿದ್ದು. ಅದರ ಮೇಲೆ ಬೂದಿ ಬಣ್ಣದ್ದು ಒಂದು. ಆಮೇಲೆ ಕಪ್ಪು, ಕಪ್ಪು, ಕಪ್ಪು. ಎಲ್ಲಕ್ಕಿಂತ ಮೇಲೆ ತೆಳ್ಳಗೆ ಮತ್ತೆ ಕೆಂಪು, ನೊರಜುಗಲ್ಲು ಬೆರೆತದ್ದು.

ಆರು ಪದರ. ಅವನು ನೋಟ್‌ಬುಕ್ಕು ತೆಗೆದು ಬರೆದ. ಹೆಚ್ಚು ಕಡಿಮೆ ಆಗಬಾರದೆಂದು ಬೇರೆ ಎರಡು ಕಡೆ ಚಕ್ಕೆ ಎಬ್ಬಿಸಿ ಎಣಿಸಿದ. ಆರೇ.

ಆಮೇಲೆ ಡ್ರೈವರ್ ಸೀಟಿನ ಹಿಂದಕ್ಕೆ ತೆವಳಿದ. ಅಲ್ಲಿ ಚೌಡಯ್ಯನವರ ಟ್ರಂಕು ಇರುತ್ತಿತ್ತು ಎಂದು ಎಲ್ಲರೂ ಹೇಳಿದ್ದರು. ದಾರಿಯುದ್ದಕ್ಕೂ ಅವರು ಅದರ ಮೇಲೇ ಕೂತು ರಸ್ತೆ ನೋಡುತ್ತಿದ್ದರಂತೆ. ಮಗ ಚಿಕ್ಕಸ್ವಾಮಿ ಕೊಟ್ಟ ದೂರಿನ ಪ್ರಕಾರ, ಹನ್ನೆರಡನೆಯ ದಿನ ಸೋಮವಾರ ರಾಯಚೂರು ಸೀಮೆಯ ಲಿಂಗಸೂಗೂರು ದಾಟಿ, ಮರವೂ ಇಲ್ಲದ ಊರೂ ಇಲ್ಲದ ಬಯಲಿನಲ್ಲಿ ಇಂಜಿನ್ ಕುದಿದು ಬಸ್ಸು ನಿಂತಿತು. ಚೌಡಯ್ಯನೂ ಕುಳ್ಳಯ್ಯನೂ ಡಬ್ಬ ಹಿಡಿದು ನೀರು ಹುಡುಕಿಕೊಂಡು ಹೋದರು. ಕುಳ್ಳಯ್ಯ ಒಬ್ಬನೇ ಬಂದ. ಅವತ್ತು ಸಂಜೆ ನೋಡಿದರೆ ಜಮೀನಿನ ಪತ್ರಗಳಿದ್ದ ಟ್ರಂಕೂ ಇರಲಿಲ್ಲ. ಮಂಗಳವಾರವೆಲ್ಲ ಹುಡುಕಿದರು. ಬುಧವಾರ ಊರ ದಾರಿ ಹಿಡಿದರು. ಶನಿವಾರ ಬಂದು ತಲುಪಿದರು. ಭಾನುವಾರ ಕುಳ್ಳಯ್ಯನ ಸಾಮಾನಿನ ಪೆಟ್ಟಿಗೆಯಲ್ಲಿ ಯಜಮಾನರ ಕೈಗಡಿಯಾರ ಸಿಕ್ಕಿತು. ಅದು ಅವರೇ ಕೊಟ್ಟದ್ದು ಎಂದ ಕುಳ್ಳಯ್ಯ. ಯಾರೂ ನಂಬಲಿಲ್ಲ.

ಟ್ರಂಕು ಇದ್ದ ಜಾಗದಲ್ಲಿ ಅಚ್ಚುಕಟ್ಟಾದ ಒಂದು ಚೌಕ ಇತ್ತು. ಆ ಚೌಕದೊಳಗೆ ಇದ್ದದ್ದು ಊರಿನ ಕೆಮ್ಮಣ್ಣು ಒಂದೇ. ಬೂದಿ ಪದರ ಇಲ್ಲ, ಕಪ್ಪು ಇಲ್ಲ, ಕೊನೆಯ ಕೆಂಪೂ ಇಲ್ಲ. ಐದೂ ಪದರ ಅದರ ಸುತ್ತ ಬದುವಿನಂತೆ ಎದ್ದು ನಿಂತಿದ್ದವು.

ಶಿವಲಿಂಗಯ್ಯ ಟೇಪು ಹಿಡಿದು ಅಳೆದ. ಉದ್ದ ಎರಡೂವರೆ ಅಡಿ, ಅಗಲ ಒಂದೂಕಾಲು. ತಪ್ಪಿರಬಹುದೆಂದು ಮತ್ತೆ ಅಳೆದ. ಜೇಬಿನಿಂದ ದೂರಿನ ನಕಲು ತೆಗೆದು ಗುರುತುಗಳ ಪಟ್ಟಿಯ ಮೇಲೆ ಬೆರಳಿಟ್ಟು ಓದಿದ.

'ಟ್ರಂಕು: ಕಬ್ಬಿಣದ್ದು, ಎರಡೂವರೆ ಅಡಿ, ಎಡ ಮೂಲೆಯ ಪಟ್ಟಿ ಮುರಿದು ಹೊರಕ್ಕೆ ಚಾಚಿರುತ್ತದೆ. ಕಾಣೆಯಾದವರು: ವಯಸ್ಸು ಅರವತ್ತನಾಲ್ಕು, ಎತ್ತರದ ಆಳು, ಎಡಗಾಲಿನ ಕಿರುಬೆರಳು ಇರುವುದಿಲ್ಲ.'

ಚೌಕದ ಎಡ ಮೂಲೆಯಲ್ಲಿ, ಹೊರಕ್ಕೆ ಚಾಚಿದ ಒಂದು ಸಣ್ಣ ಮೂತಿ ಇತ್ತು.

ಅವಸರ ಪಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಎದ್ದು ಕಿಟಕಿಯಿಂದ ಕೂಗಿದ: "ಹುಚ್ಚಣ್ಣ! ಮನೆಗೆ ಹೋಗಿ ಪುಟ್ಟತಾಯಮ್ಮನೋರನ್ನ ಒಂದು ಗಳಿಗೆ ಬರೋಕೆ ಹೇಳು. ಸೊಸೇನ, ಅತ್ತೇನಲ್ಲ."

*

ಪುಟ್ಟತಾಯಮ್ಮ ಹಿಂಬಾಗಿಲಿನಿಂದ ಹತ್ತಿದಳು. ಮೆಟ್ಟಿಲ ಹತ್ತಿರ ಕಾಲೊರೆಸಲು ಒಂದು ಗೋಣಿತಾಟು ಹಾಸಿತ್ತು. ಅದರ ಮೇಲೆ ನಿಂತು ಸೆರಗು ಎಳೆದುಕೊಂಡಳು. ಮೂವತ್ತರ ಆಸುಪಾಸಿನ ಹೆಂಗಸು, ಕೈತುಂಬ ಕೆಲಸ ಬಿಟ್ಟು ಬಂದವಳ ಮುಖ.

"ಈ ನೆಲ ಸಾರಿಸಿದ್ದು ಯಾರವ್ವ?"

"ಇನ್ಯಾರು ಸಾರುಸ್ತಾರೆ ಸ್ವಾಮಿ? ನಾನೇಯ. ಗಂಡಸ್ರು ಬಂದು ಸಾರುಸ್ತಾರಾ?"

"ದಿನಾಲೂನಾ?"

"ಮಂಗಳವಾರ, ಸುಕ್ರವಾರ. ಗಾಲಿ ಮ್ಯಾಲಿದ್ರೂ ಮನೆ ಮನೆನೇಯ ಅಂತಾರೆ ನಮ್ಮತ್ತೆ. ಒಂದು ದಿನ ತಪ್ಸಿದ್ರೂ ಒಲೆ ಅಚ್ಚಾಕೆ ಬುಡಾಕಿಲ್ಲ."

"ಅಲ್ಲೆಲ್ಲಾ ಸಗಣಿ ಸಿಕ್ತಿತ್ತಾ?"

ಪುಟ್ಟತಾಯಮ್ಮನಿಗೆ ಈ ಪ್ರಶ್ನೆ ಇಷ್ಟವಾಯಿತು. ಹದಿನೇಳು ದಿನದ ಕಷ್ಟವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಅಯ್ಯೋ, ಅದ್ಯಾಕೆ ಕೇಳ್ತೀರಾ! ಬಳ್ಳಾರಿ ದಾಟುದ್ ಮ್ಯಾಲೆ ದನಾನೇ ಕಾಣಾಕಿಲ್ಲ. ನೆಳ್ಳು ಅಂದ್ರೆ ನಮ್ ಬಸ್ಸಿಂದೇ ನೆಳ್ಳು. ಎರಡು ಮೈಲಿ ನಡ್ದು ಒಂದು ಅಟ್ಟಿ ತಾವ ಒಸಿ ಸಗಣಿ ಕೇಳ್ಕೊಂಡು ತಂದಿವ್ನಿ. ಆ ಹೆಂಗುಸ್ರು ನನ್ನ ಉಚ್ಚಿ ಅಂದ್ಕೊಂಡ್ರು. ನೀರು ಬೇರೆ ಅಳ್ದು ಅಳ್ದು. ಆ ಮಣ್ಣೋ, ಮಣ್ಣಲ್ಲ ಅದು, ಕಾಡಿಗೆ! ಒಣಗುದ್ರೆ ಸೀಳು ಬುಡ್ತದೆ."

"ಕೊನೇಲಿ ಸಾರಿಸಿದ್ದು?"

"ಓದ್ ಸುಕ್ರವಾರ. ನಾಗಮಂಗಲದ ತಾವ, ಉಣಸೆ ತೋಪ್ನಲ್ಲಿ. ನಮ್ ಸೀಮೆ ಕೆಮ್ಮಣ್ಣು ಕಂಡು ಜೀವ ಬಂದಂಗಾಯ್ತು."

ಶಿವಲಿಂಗಯ್ಯನ ನೋಟ್‌ಬುಕ್ಕಿನಲ್ಲಿ 'ನಾಗಮಂಗಲ' ಎಂಬುದರ ಮುಂದೆ ಮೊದಲಿನಿಂದಲೂ ಒಂದು ಪ್ರಶ್ನೆಯ ಗುರುತಿತ್ತು. ಅಲ್ಲಿಂದ ಮನೆಗೆ ಎರಡು ಗಂಟೆಯ ದಾರಿ. ಯಜಮಾನನನ್ನು ಕಳೆದುಕೊಂಡು ಓಡಿ ಬರುತ್ತಿದ್ದವರು ಅಲ್ಲಿ ಯಾಕೆ ರಾತ್ರಿ ತಂಗಿದರು?

ಅದನ್ನು ಈಗ ಕೇಳಲಿಲ್ಲ. "ಪೂರ್ತಿ ನೆಲ ಸಾರಿಸ್ತಿದ್ರಾ? ಇಲ್ಲಾ ಓಡಾಡೋ ಜಾಗ ಮಾತ್ರಾನಾ?"

"ಏನ್ ಸ್ವಾಮಿ ಇಂಗಂತೀರಾ? ಒಂದು ಗೇಣು ಬುಟ್ಟಿದ್ರೆ ತೋರ್ಸಿ, ನನ್ನೆಸ್ರು ಬದ್ಲಾಯ್ಸಿ ಕರೀರಿ."

"ಹಂಗಾದ್ರೆ ಇಲ್ಲಿ ನೋಡವ್ವ."

ಅವನು ಸೀಟಿನ ಹಿಂದಿನ ಚೌಕ ತೋರಿಸಿದ. ಅವಳು ನಿಂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಮುಖದ ಮೇಲಿದ್ದ ಕಳೆ ದೀಪ ಆರಿಸಿದಂತೆ ಹೋಯಿತು.

"ಟ್ರಂಕು ಸೋಮವಾರ ಕಳುವಾಯ್ತು ಅಂತ ನಿಮ್ಮ ಯಜಮಾನ್ರು ಬರೆದುಕೊಟ್ಟವ್ರೆ. ಮಾರನೇ ದಿನ ಮಂಗಳವಾರ. ನೀವು ಸಾರಿಸಿದ್ರಿ. ಜಾಗ ಖಾಲಿ ಇದ್ದಿದ್ರೆ ಇಲ್ಲಿಗೂ ಕಪ್ಪು ಮಣ್ಣು ಬೀಳಬೇಕಿತ್ತು. ಶುಕ್ರವಾರದ ಕೆಂಪೂ ಬೀಳಬೇಕಿತ್ತು. ಎರಡೂ ಇಲ್ಲ. ಟ್ರಂಕು ಶುಕ್ರವಾರದ ಗಂಟಾನೂ ಇಲ್ಲೇ ಕೂತಿತ್ತು, ಅಲ್ವಾ?"

ಪುಟ್ಟತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಲ್ಲಿ ರಾಗಿ ಹಿಟ್ಟಿನ ಮೂಟೆ ಇಟ್ಟಿದ್ವಿ" ಎಂಬ ಗಂಡಸಿನ ದನಿ ಹೊರಗಿನಿಂದ ಬಂತು.

ಚಿಕ್ಕಸ್ವಾಮಿ ಹಿಂಬಾಗಿಲಲ್ಲಿ ನಿಂತಿದ್ದ. ಬಿಳಿ ಷರಟು, ಕೈಯಲ್ಲಿ ಮೋಟಾರ್ ಸೈಕಲ್ಲಿನ ಬೀಗದ ಕೈ. ಅವನ ಹಿಂದೆ ಹುಚ್ಚಣ್ಣ, ತಡೆಯಲಾಗಲಿಲ್ಲ ಎಂಬಂತೆ ಕೈ ಅಲ್ಲಾಡಿಸಿದ.

"ಟ್ರಂಕು ಓದ್ ಮ್ಯಾಲೆ ಆ ಜಾಗ ಕಾಲಿ ಬುಡೋದ್ಯಾಕೆ ಅಂತ ಮೂಟೆ ಇಟ್ವಿ. ಅದ್ಕೇಯ ಮಣ್ಣು ಬಿದ್ದಿಲ್ಲ. ಇಷ್ಟಕ್ಕೆ ಹೆಣ್ಣೆಂಗ್ಸನ್ನ ಕರ್ಸಿ ವಿಚಾರ್ಣೆ ಮಾಡ್ತಾ ಇದ್ದೀರಾ ದಫೇದಾರ್ರೇ?"

"ಮೂಟೆಗೆ ಮೂಲೆ ಇರ್ತದಾ ಚಿಕ್ಕಸ್ವಾಮಪ್ಪ?" ಎಂದ ಶಿವಲಿಂಗಯ್ಯ. ದನಿ ಸ್ವಲ್ಪ ನಡುಗಿತು. ಅದು ತನಗೇ ಕೇಳಿಸಿ ನಾಚಿಕೆಯಾಯಿತು. "ಎಡ ಮೂಲೇಲಿ ಪಟ್ಟಿ ಮುರಿದಿರೋ ಮೂಟೇನಾ? ನೀವೇ ಬರೆದುಕೊಟ್ಟ ಗುರುತು ಇದು. ಬನ್ನಿ, ನೋಡಿ."

ಚಿಕ್ಕಸ್ವಾಮಿ ನೋಡಲು ಬರಲಿಲ್ಲ. ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ನಕ್ಕ.

"ಆಯ್ತಪ್ಪ. ಅಪ್ಪ ಓದ ಗಾಬ್ರೀಲಿ ನಾವು ಟ್ರಂಕು ಸರ್ಯಾಗಿ ನೋಡ್ನಿಲ್ಲ ಅಂತಿಟ್ಕೊಳಿ. ಅದು ಇಲ್ಲೇ ಇತ್ತು. ನಾಗಮಂಗಲದ ತಾವ ಕುಳ್ಳಯ್ಯ ಇಳ್ಸ್ಕೊಂಡ. ಅಲ್ಲಿ ಕದ್ರೇನು, ಇಲ್ಲಿ ಕದ್ರೇನು, ಕಳ್ಳ ಕಳ್ಳನೇಯ. ಇನ್ನೂ ಒಳ್ಳೇದಾಯ್ತು, ಬರ್ಕೊಳಿ."

ಶಿವಲಿಂಗಯ್ಯ ನೋಟ್‌ಬುಕ್ಕು ಮುಚ್ಚಿದ. ಇದು ಅವನಿಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆಯಿಂದ ಅಳೆದದ್ದು, ಎಣಿಸಿದ್ದು, ಚಕ್ಕೆ ಕಾಗದದಲ್ಲಿ ಸುತ್ತಿಟ್ಟದ್ದು, ಎಲ್ಲವೂ ಕುಳ್ಳಯ್ಯನ ಕುತ್ತಿಗೆಗೇ ಬಂತು. ಬಾರದೆ ಸುಮ್ಮನಿದ್ದಿದ್ದರೆ ಅವನಿಗೆ ಇಷ್ಟು ಕೇಡಾಗುತ್ತಿರಲಿಲ್ಲವೇನೋ.

"ನಡಿಯಮ್ಮಿ, ಒಳೀಕೆ" ಎಂದ ಚಿಕ್ಕಸ್ವಾಮಿ ಹೆಂಡತಿಗೆ.

ಪುಟ್ಟತಾಯಮ್ಮ ಕದಲಲಿಲ್ಲ.

"ನಡಿ ಅಂದ್ನಲ್ಲಾ."

ಆಗ ಶಿವಲಿಂಗಯ್ಯ ಗಮನಿಸಿದ. ಚೌಕ ತೋರಿಸಿದಾಗಲೂ ಅವಳು ಹತ್ತಿರ ಬಂದಿರಲಿಲ್ಲ. ಕತ್ತು ಮಾತ್ರ ಚಾಚಿದ್ದಳು. ಬಂದಾಗಿನಿಂದ ಆ ಗೋಣಿತಾಟಿನ ಮೇಲಿಂದ ಕಾಲು ತೆಗೆದಿರಲಿಲ್ಲ. ಈಗ ಗಂಡ ಗದರಿದರೂ ತೆಗೆಯುತ್ತಿಲ್ಲ.

"ಸ್ವಲ್ಪ ಈಚೆಗೆ ಬರ್ತೀರಾ ತಾಯಿ?"

"ನನ್ ಕಾಲು ಇಡ್ಕೊಂಡದೆ" ಎಂದಳು ಅವಳು, ನೆಲ ನೋಡುತ್ತ.

"ಹಂಗಾದ್ರೆ ಕೂತ್ಕೊಳಿ. ಆ ಮಂಚದ ಮೇಲೆ."

ಅವಳು ಗಂಡನ ಮುಖ ನೋಡಿದಳು. ಗಂಡನಿಗೂ ಏನೆಂದು ಅರ್ಥವಾಗಿರಲಿಲ್ಲ. ಅದು ಅವನ ಹುಬ್ಬಿನಲ್ಲಿ ಕಾಣುತ್ತಿತ್ತು. ಬೇರೆ ದಾರಿಯಿಲ್ಲದೆ ಅವಳು ಮಂಚಕ್ಕೆ ಸರಿದಳು. ಶಿವಲಿಂಗಯ್ಯ ಗೋಣಿತಾಟಿನ ತುದಿ ಹಿಡಿದು ಎತ್ತಿದ.

ಶುಕ್ರವಾರದ ಕೆಂಪು ನೆಲದಲ್ಲಿ, ಒದ್ದೆ ಇದ್ದಾಗ ಒತ್ತಿ ಒಣಗಿದ ಒಂದು ಹೆಜ್ಜೆ.

ದೊಡ್ಡ ಪಾದ. ಗಂಡಸಿನ ಎಡಗಾಲು. ಬೆರಳುಗಳು ಹೊರಗಿನ ಮೆಟ್ಟಿಲ ಕಡೆಗೆ. ಹಿಮ್ಮಡಿ ಆಳವಾಗಿ ಇಳಿದಿತ್ತು, ಭಾರ ಹೊತ್ತವನ ಹೆಜ್ಜೆಯಂತೆ. ಹೆಬ್ಬೆರಳು, ಅದರ ಪಕ್ಕದ್ದು, ನಡುವಿನದು, ಇನ್ನೊಂದು.

ಅಲ್ಲಿಗೆ ಮುಗಿದಿತ್ತು. ಕಿರುಬೆರಳು ಇರಬೇಕಾದಲ್ಲಿ ನೆಲ ನುಣ್ಣಗಿತ್ತು.

ಆಲೆಮನೆಯ ಕಡೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಹುಚ್ಚಣ್ಣ ಹೊರಗೆ ಯಾರದೋ ನಾಯಿಯನ್ನು ಓಡಿಸುತ್ತಿದ್ದ.

ಸೋಮವಾರ ಲಿಂಗಸೂಗೂರಿನಾಚೆ ಸತ್ತ ಮನುಷ್ಯ ಶುಕ್ರವಾರ ನಾಗಮಂಗಲದಲ್ಲಿ ಈ ನೆಲ ತುಳಿದಿದ್ದ.

"ಒದ್ದೆ ನೆಲ ತುಳಿಯೋ ಧೈರ್ಯ ನಿಮ್ಮ ಮನೇಲಿ ಯಾರಿಗದೆ ತಾಯಿ?" ಎಂದು ಶಿವಲಿಂಗಯ್ಯ ಮೆಲ್ಲಗೆ ಕೇಳಿದ. "ಚಿಕ್ಕಸ್ವಾಮಪ್ಪಂಗೆ ಇಲ್ಲ. ಕುಳ್ಳಯ್ಯನಿಗಂತೂ ಇಲ್ಲ."

ಪುಟ್ಟತಾಯಮ್ಮ ಆ ಹೆಜ್ಜೆಯನ್ನೇ ನೋಡಿದಳು. "ನಾ ಏಳ್ದೆ ಸ್ವಾಮಿ. ಇನ್ನೂ ಆರಿಲ್ಲ ಮಾವ, ಒಂದ್ ಗಳಿಗೆ ತಡೀರಿ ಅಂದೆ. ಅವ್ರು ಯಾವತ್ತು ಕೇಳವ್ರೆ? ಟ್ರಂಕು ಎಗಲ ಮ್ಯಾಲೆ..." ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಪುಟ್ಟತಾಯಿ!"

ಚಿಕ್ಕಸ್ವಾಮಿ ಒಂದೇ ಹೆಜ್ಜೆಗೆ ಬಸ್ಸಿನೊಳಕ್ಕೆ ಬಂದ. ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿದ. ಸಿಟ್ಟಿನಲ್ಲಿ ತಿರುಗಿದನೋ, ಬೇಕೆಂದೇ ತಿರುಗಿದನೋ, ಅವನ ಚಪ್ಪಲಿಯ ಹಿಮ್ಮಡಿ ಆ ಹೆಜ್ಜೆಯ ಮೇಲೆ ಬಿದ್ದು ಗಿರಕಿ ಹೊಡೆಯಿತು. ಒಣಮಣ್ಣು ಪುಡಿಯಾಯಿತು. ಅವನು ಕಾಲೆತ್ತಿದಾಗ ಅಲ್ಲಿ ಕೆಂಪು ಪುಡಿ, ಅದರಡಿಯಲ್ಲಿ ಕಪ್ಪು.

"ಅಯ್ಯೋ, ನೋಡ್ನೇ ಇಲ್ಲ" ಎಂದ ಚಿಕ್ಕಸ್ವಾಮಿ. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ಸಮವಾಗಿತ್ತು. "ಏನಿತ್ತು ದಫೇದಾರ್ರೇ ಅಲ್ಲಿ?"

"ನಿಮ್ಮಪ್ಪನ ಕಾಲು."

"ಎಲ್ಲದೆ? ನಂಗೇನೂ ಕಾಣಾಕಿಲ್ಲ. ನಿಮ್ ಕಾನ್‌ಸ್ಟೇಬಲ್ ನೋಡುದ್ನಾ?"

ಹುಚ್ಚಣ್ಣ ಬಾಗಿಲಿಗೆ ಬಂದು ಇಬ್ಬರ ಮುಖವನ್ನೂ ನೋಡಿದ. "ಏನಾಯ್ತು ದಫೇದಾರ್ರೇ? ನಾ ನಾಯಿ ಓಡುಸ್ತಿದ್ದೆ."

ಚಿಕ್ಕಸ್ವಾಮಿ ಹೆಂಡತಿಯನ್ನು ಮುಂದೆ ಮಾಡಿಕೊಂಡು ಇಳಿದು ಹೋದ. ಶಿವಲಿಂಗಯ್ಯ ಪುಡಿಯಾದ ಮಣ್ಣಿನ ಮುಂದೆ ಕೂತೇ ಇದ್ದ. ಕಂಡ ಕೂಡಲೇ ಅದರ ಮೇಲೆ ಕಾಗದ ಇಟ್ಟು ಗೆರೆ ಎಳೆದುಕೊಳ್ಳಬೇಕಿತ್ತು. ಬರೀ ಎರಡು ನಿಮಿಷದ ಕೆಲಸ. ಚಿಕ್ಕಂದಿನಲ್ಲಿ ಸ್ಲೇಟು ಒಡೆದು ಅಪ್ಪನ ಮುಂದೆ ನಿಂತ ಹಾಗಾಯಿತು.

ಇನ್ನು ಉಳಿದವನು ಒಬ್ಬನೇ. ಶುಕ್ರವಾರವೂ ಆ ಬಸ್ಸನ್ನು ಓಡಿಸಿದವನು.

*

ಪಾಂಡವಪುರದ ಸ್ಟೇಷನ್ ತಲುಪಿದಾಗ ಐದು ಗಂಟೆ. ಕುಳ್ಳಯ್ಯನ ಹೆಂಡತಿ ಮಾದಮ್ಮ ಎಂದಿನಂತೆ ಹೊಂಗೆ ಮರದ ಕೆಳಗೆ ಕೂತಿದ್ದಳು. ದಿನವೂ ಕೃಷ್ಣರಾಜಪೇಟೆ ಕಡೆಯ ಗೋವಿಂದನಹಳ್ಳಿಯಿಂದ ಬಸ್ಸು ಹಿಡಿದು, ಬಟ್ಟೆಯಲ್ಲಿ ಮುದ್ದೆ ಕಟ್ಟಿಕೊಂಡು ಬರುತ್ತಿದ್ದಳು. ಸೈಕಲ್ ಕಂಡು ಎದ್ದಳು.

"ಸ್ವಾಮಿ, ನಾಳೀಕೆ ಕಳ್ಸೇ ಬುಡ್ತೀರಾ? ಎಲ್ಲಾ ನಿಮ್ ಕೈಲದೆ."

"ನೋಡಾನವ್ವ." ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತ, ಸುಮ್ಮನೆ ಮಾತಿಗೆಂದು ಕೇಳಿದ: "ದಿನಾ ಬತ್ತೀಯಲ್ಲ, ಊರಲ್ಲಿ ಮನೆ ನೋಡ್ಕೊಳ್ಳೋರು ಯಾರವ್ರೆ?"

"ಯಾರೂ ಇಲ್ಲ!" ಎಂದಳು ಮಾದಮ್ಮ. ಮಾತು ಬೇಗ ಬಂದುಬಿಟ್ಟಿತ್ತು. ಆಮೇಲೆ ಮೆತ್ತಗೆ ಸೇರಿಸಿದಳು: "ನಮ್ ಮನೇಲಿ ಯಾರಿರ್ತಾರೆ ಸ್ವಾಮಿ? ಬಾಗ್ಲು ಎಳ್ಕೊಂಡು ಬತ್ತೀನಿ."

ಶಿವಲಿಂಗಯ್ಯ ಅವಳನ್ನು ಒಮ್ಮೆ ನೋಡಿ ಒಳಗೆ ಹೋದ.

ಕುಳ್ಳಯ್ಯ ಹೆಸರಿಗೆ ತಕ್ಕ ಹಾಗೆ ಗಿಡ್ಡ ಆಳು. ನಾಲ್ಕು ದಿನದಿಂದ ಅವನು ಹೇಳುತ್ತಿದ್ದದ್ದು ಒಂದೇ ಮಾತು: ಯಜಮಾನರು ನೀರಿಗೆ ಹೋದವರು ಬರಲಿಲ್ಲ, ನಾನು ಅವರ ಮೈ ಮುಟ್ಟಿಲ್ಲ. ಹೇಳುವಾಗೆಲ್ಲ ಅಳುತ್ತಿದ್ದ. ಈಗ ಗೋಡೆಗೆ ಒರಗಿ ಕೂತಿದ್ದವನು ದಫೇದಾರನನ್ನು ಕಂಡು ಸರಿಯಾಗಿ ಕೂತ.

ಶಿವಲಿಂಗಯ್ಯ ಲಾಕಪ್ಪಿನ ಬಾಗಿಲು ತೆಗೆಸಿ ಒಳಗೆ ಹೋಗಿ, ಅವನೆದುರಿಗೆ ಕುಕ್ಕರಗಾಲಿನಲ್ಲಿ ಕೂತ. ಜೇಬಿನಿಂದ ಸೀಮೆಸುಣ್ಣ ತೆಗೆದ. ಏನೂ ಮಾತಾಡದೆ ಸಿಮೆಂಟು ನೆಲದ ಮೇಲೆ ಒಂದು ದೊಡ್ಡ ಪಾದ ಬರೆದ. ಹೆಬ್ಬೆರಳು, ಆಮೇಲೆ ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿದ.

ಕುಳ್ಳಯ್ಯ ನೋಡಿದ. ಗೋಡೆಗೆ ಇನ್ನಷ್ಟು ಒತ್ತಿಕೊಂಡ.

"ಇದು ನಾಗಮಂಗಲದ ಹುಣಸೆ ತೋಪಿಂದು ಕಣಪ್ಪ. ಶುಕ್ರವಾರದ್ದು. ನೀನು ಅವರನ್ನ ಕೊಂದಿಲ್ಲ. ಅವರು ಸತ್ತೇ ಇಲ್ಲ. ಟ್ರಂಕು ಹೊತ್ಕೊಂಡು ತಾವೇ ಇಳಿದು ಹೋದ್ರು. ನಿಂಗೆ ಗೊತ್ತು. ಗೊತ್ತಿದ್ದೂ ಯಾಕೆ ಇಲ್ಲಿ ಕೂತಿದ್ದೀಯಾ?"

ಕುಳ್ಳಯ್ಯ ಮಂಡಿಗಳನ್ನು ಎದೆಗೆ ಎಳೆದುಕೊಂಡ.

"ಎಲ್ಲಿ ಹೋದ್ರು ಅಂತ ಒಂದು ಮಾತು ಹೇಳು. ಈಗಲೇ ಹೋಗಿ ಕರ್ಕೊಂಡು ಬರ್ತೀನಿ. ನಾಳೆ ನೀನು ಕೋರ್ಟಿಗಲ್ಲ, ಮನೆಗೆ ಹೋಗ್ತೀಯ. ಆಚೆ ಮಾದಮ್ಮ ಕೂತವ್ಳೆ."

ಹೆಂಡತಿಯ ಹೆಸರು ಕೇಳಿ ಕುಳ್ಳಯ್ಯನ ಕಣ್ಣು ಕಿಟಕಿಯ ಕಡೆ ಹೋಯಿತು. ಸರಳುಗಳಾಚೆ ಮಾದಮ್ಮ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಇದನ್ನ ಯಾರ್‍ಗಾದ್ರೂ ಏಳಿದ್ದೀರಾ ಸ್ವಾಮಿ?" ಎಂದು ಪಿಸುದನಿಯಲ್ಲಿ ಕೇಳಿದ ಕುಳ್ಳಯ್ಯ.

"ಇನ್ನೂ ಇಲ್ಲ. ಚಿಕ್ಕಸ್ವಾಮಿಗೆ ಮಾತ್ರ ಗೊತ್ತಾಗಿದೆ, ನಾನು ನೋಡಿದೆ ಅಂತ."

"ಚಿಕ್ಕಸ್ವಾಮಪ್ಪನೋರ್‍ಗೆ!" ಕುಳ್ಳಯ್ಯ ತಲೆಯ ಮೇಲೆ ಕೈ ಇಟ್ಟುಕೊಂಡ. "ಕೆಟ್ವು ಸ್ವಾಮಿ. ಬರೀಬ್ಯಾಡಿ. ದಮ್ಮಯ್ಯ ಅಂತೀನಿ, ಅದನ್ನ ಬರೀಬ್ಯಾಡಿ. ನಾಗಮಂಗಲದ ಸುದ್ದಿನೇ ಎತ್ತಬ್ಯಾಡಿ. ಸತ್ತೋದ್ರು ಅಂತ ಇರೋಗಂಟಾನೇ ಯಜಮಾನ್ರು ಉಳೀತಾರೆ."

"ಬರೀದೆ ಇದ್ರೆ ನಿನ್ನ ಕಥೆ ಏನಾಗ್ತದೆ, ಯೋಚನೆ ಮಾಡಿದ್ದೀಯಾ?"

ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರ ಬೂಡ್ಸು ಮೆಟ್ಟಿಲು ಹತ್ತಿತು. ಕುಳ್ಳಯ್ಯ ಆ ಸದ್ದನ್ನು ಕೇಳಿಸಿಕೊಂಡ. ಮುಂದಕ್ಕೆ ಬಾಗಿ, ಅಂಗೈಯಿಂದ ನೆಲವನ್ನು ಒಂದೇ ಸಮ ಉಜ್ಜಿದ. ಆಮೇಲೆ ಎದ್ದು ಸರಳು ಹಿಡಿದು, ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿದ:

"ನಾನೇ ಕೊಂದಿವ್ನಿ ಸ್ವಾಮಿ! ಯಜಮಾನ್ರನ್ನ ನಾನೇ ಕೊಂದಿವ್ನಿ!"

ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತರು.

"ನಮ್ಮ ಮುಂದೆ ಹೇಳಿದ್ರೆ ಕೋರ್ಟಲ್ಲಿ ನಿಲ್ಲೋದಿಲ್ಲ. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳ್ತೀಯೇನೋ?"

"ಏಳ್ತೀನಿ ಸ್ವಾಮಿ. ಲಿಂಗಸೂಗೂರು ತಾವ, ಸೋಮವಾರ. ದೇವ್ರಾಣೆಗೂ ಏಳ್ತೀನಿ."

ಕಿಟಕಿಯಾಚೆ ಮಾದಮ್ಮ ಅಳಲಿಲ್ಲ. ಮುದ್ದೆಯ ಗಂಟನ್ನು ಎದೆಗೆ ಅವುಚಿಕೊಂಡು, ಯಾರೂ ಇಲ್ಲವೆಂದಿದ್ದ ಆ ಮನೆಯ ಕಡೆಗೆ ಬಸ್ಸು ಹಿಡಿಯಲು ಬಿರಬಿರನೆ ನಡೆದುಬಿಟ್ಟಳು.

"ಬರ್ಕೊಳ್ರೀ ಶಿವಲಿಂಗಯ್ಯ" ಎಂದರು ಇನ್ಸ್‌ಪೆಕ್ಟರು, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತ. "ಏನು ನೋಡ್ತಾ ಇದ್ದೀರಿ?"

ಶಿವಲಿಂಗಯ್ಯ ನೋಡುತ್ತಿದ್ದದ್ದು ಸರಳು ಹಿಡಿದ ಕೈಯನ್ನು. ನೆಲದ ಮೇಲೆ ಹೆಜ್ಜೆ ಇರಲಿಲ್ಲ. ಕುಳ್ಳಯ್ಯನ ಅಂಗೈಯೆಲ್ಲ ಸುಣ್ಣವಾಗಿ ಬೆಳ್ಳಗಿತ್ತು.